ಆಯುಧಪೂಜೆಯ ದೋಣಿ

ನಮ್ಮ ಹಿತ್ತಲಿನ ಹೊಂಗೆ ಮರದ ಕೆಳಗೆ, ಕಲ್ಲುಗಳ ಮೇಲೆ, ಒಂದು ಮರದ ದೋಣಿ ಕೂತಿತ್ತು. ಹೊಸಬರು ಯಾರಾದರೂ ನೋಡಿದರೆ ನಿನ್ನೆ ಮೊನ್ನೆ ಕಟ್ಟಿಸಿದ್ದು ಅಂದುಕೊಳ್ಳಬೇಕು, ಹಾಗಿತ್ತು ಅದರ ಥಳಕು. ಮೈಯೆಲ್ಲ ಹಸಿರು ಬಣ್ಣ, ಅಂಚಿಗೆ ಹಳದಿ ಪಟ್ಟಿ, ಮೂತಿಯ ಮೇಲೆ ನಾನಿಟ್ಟ ಕುಂಕುಮದ ಬೊಟ್ಟು. ನಮ್ಮನೆಯವರು ಹಳೇ ಪಂಚೆ ಹಿಡಿದು ಅದನ್ನು ಒರೆಸುತ್ತಾ ನಿಂತರೆ ನನಗೆ ಬಾಯಿ ಸುಮ್ಮನಿರುತ್ತಿರಲಿಲ್ಲ.

"ವರ್ಸಕ್ಕೊಂದ್ಸಲ ನಂಗೂ ಇಂಗೇ ಬಣ್ಣ ಒಡ್ದಿದ್ರೆ ನಾನೂ ಮದ್ವೆ ಎಣ್ಣಿನಂಗೇ ಇರ್ತಿದ್ದೆ."

"ನೀನು ಒಂದ್ಕಡೆ ನೆಟ್ಗೆ ನಿಂತ್ರೆ ತಾನೆ ಕಣೆ ಒಡ್ಯೋದು" ಅನ್ನುತ್ತಿದ್ದರು ಅವರು, ಕೈ ನಿಲ್ಲಿಸದೆ.

ದೋಣಿ ನಮ್ಮ ಮಾವನದು. ಮಳವಳ್ಳಿ ಸೀಮೆಯ ನಮ್ಮೂರು ಇರುವುದು ಹೊಳೆಯ ಈ ದಡದಲ್ಲಿ, ಮಾವನ ಪಾಲಿಗೆ ಬಂದ ಗದ್ದೆ ಇದ್ದದ್ದು ಆ ದಡದಲ್ಲಿ. ಆಗ ಸೇತುವೆ ಇರಲಿಲ್ಲ. ಗೊಬ್ಬರ ಸಾಗಿಸಲು, ಭತ್ತದ ಹೊರೆ ತರಲು, ನಾಟಿಯ ಹೆಂಗಸರನ್ನು ಕರೆದೊಯ್ಯಲು ಅಂತ ಮಾವ ಮತ್ತಿ ಮರದ ಹಲಗೆಯಲ್ಲಿ ಅದನ್ನು ಮಾಡಿಸಿದ್ದರು. ಊರಿನ ಅರ್ಧ ಜನ ಅದರಲ್ಲೇ ದಾಟುತ್ತಿದ್ದರು. ಯಾರನ್ನೂ ಬೇಡ ಅಂದವರಲ್ಲ ಮಾವ. ಆದರೆ ದೋಣಿಯೊಳಗೆ ಎಲೆ ಅಡಿಕೆ ಉಗಿದವರನ್ನು ಮಾತ್ರ ನಡುನೀರಲ್ಲಿ ನಿಲ್ಲಿಸಿ ಬೈಯುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದು ಮಂಡ್ಯದ ಹತ್ತಿರದ ಕೊತ್ತತ್ತಿ. ನಮ್ಮ ಕಡೆ ನೀರು ಅಂದರೆ ನಾಲೆ ನೀರು. ತೂಬು ಎತ್ತಿದರೆ ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ, ಹೇಳಿದ ಮಾತು ಕೇಳುವ ನೀರು. ಹೊಳೆ ಯಾರ ಮಾತೂ ಕೇಳುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಮದುವೆಯಾಗಿ ಬಂದ ಮೇಲೆ. ಮೊದಲ ಬೇಸಿಗೆಯಲ್ಲಿ ಬಟ್ಟೆ ಒಗೆಯಲು ಹೋದವಳು ನೋಡುತ್ತೇನೆ, ದಡದ ಪಕ್ಕದಲ್ಲೇ ದೋಣಿ ನೀರೊಳಗೆ ಮುಳುಗಿ ಮಲಗಿದೆ, ಒಳಗೆ ಗುಂಡುಕಲ್ಲು ಬೇರೆ! ಯಾರೋ ಆಗದವರು ಮಾಡಿದ ಕೆಲಸ ಅಂತ ಬಟ್ಟೆ ಅಲ್ಲೇ ಬಿಟ್ಟು ಬೊಬ್ಬೆ ಹೊಡೆದುಕೊಂಡು ಮನೆಗೆ ಓಡಿದೆ. ಜಗಲಿ ಮೇಲೆ ಕೂತಿದ್ದ ಮಾವ ನಿಧಾನಕ್ಕೆ ಬೀಡಿ ಆರಿಸಿ, "ಮುಳ್ಗಿಲ್ಲ ಕಣವ್ವ, ನೀರು ಕುಡೀತಾ ಐತೆ. ಬ್ಯಾಸ್ಗೇಲಿ ನಿಂಗೆ ದಾವ ಆಗಕಿಲ್ವ?" ಅಂದರು. ಬೇಸಿಗೆಯಲ್ಲಿ ಒಣಗಿದರೆ ಹಲಗೆ ಸೀಳುತ್ತದೆ ಅಂತ ಅವರೇ ಕಲ್ಲು ತುಂಬಿ ಮುಳುಗಿಸಿದ್ದರು. ಊರೆಲ್ಲ ಆ ಮಾತು ಹೇಳಿಕೊಂಡು ನಕ್ಕಿತು. ಇವತ್ತಿಗೂ ನನ್ನನ್ನು ಕಂಡರೆ "ದೋಣಿ ಮುಳ್ಗೋಯ್ತಾ ಅಕ್ಕ?" ಅನ್ನುವವರಿದ್ದಾರೆ.

ಬೇಸಿಗೆ ಕಳೆಯುತ್ತಲೇ ದೋಣಿ ಮೇಲೆತ್ತಿ, ನೆರಳಲ್ಲಿ ಚೆನ್ನಾಗಿ ಆರಲು ಬಿಟ್ಟು, ಆಮೇಲೆ ಹೊಂಗೆ ಎಣ್ಣೆ ತಿಕ್ಕುತ್ತಿದ್ದರು. ಅಷ್ಟೇ. ಬಣ್ಣ ಗಿಣ್ಣ ಏನೂ ಇಲ್ಲ. ಕಪ್ಪಗೆ, ಎಣ್ಣೆ ವಾಸನೆ ಹೊಡೆಯುತ್ತಾ ಎಮ್ಮೆಯ ಹಾಗೆ ನಿಂತಿರುತ್ತಿತ್ತು ಆ ದೋಣಿ.

ನಾನು ಅದರಲ್ಲಿ ಮೊದಲ ಸಲ ಕೂತದ್ದು ಗೌರಿ ಹಬ್ಬಕ್ಕೆ. ನಮ್ಮನೆಯವರ ಅಕ್ಕನನ್ನು ಆಚೆ ದಡದ ಊರಿಗೇ ಕೊಟ್ಟಿತ್ತು. ಗೌರಿಗೆ ತವರಿನ ಬಾಗಿನ ಹೋಗಬೇಕಲ್ಲ, ಪ್ರತಿ ವರ್ಷ ಮಾವನೇ ದೋಣಿಯಲ್ಲಿ ಒಯ್ಯುತ್ತಿದ್ದರು. ಆ ವರ್ಷ ಹೊಸ ಸೊಸೆಯೂ ಬರಲಿ ಅಂತ ನನ್ನನ್ನೂ ಕೂರಿಸಿದರು. ತೊಡೆ ಮೇಲೆ ಮೊರದ ಬಾಗಿನ, ಅದನ್ನು ಹಿಡಿಯಲೋ ದೋಣಿಯ ಅಂಚು ಹಿಡಿಯಲೋ ಗೊತ್ತಾಗದೆ ನಾನು ಕಣ್ಣು ಮುಚ್ಚಿಕೊಂಡು "ಬ್ಯಾಗ ಓಗಿ ಮಾವ, ಬ್ಯಾಗ ಓಗಿ" ಅನ್ನುತ್ತಲೇ ಇದ್ದೆ. ಮಾವ ದಡ ಬಿಡುವಾಗ ಹೆಗಲ ಟವೆಲ್ ಎತ್ತಿ ಒಂದು ಸಲ ಬೀಸಿದ್ದು ನೆನಪಿದೆ. ಕಣ್ಣು ಬಿಟ್ಟು ನೋಡಿದರೆ ಆ ದಡದ ಮೆಟ್ಟಿಲ ಮೇಲೆ ಒಂದು ಕೆಂಪು ಸೀರೆ ಅಲ್ಲಾಡುತ್ತಿತ್ತು. ಅದು ಅಕ್ಕ.

ಆಮೇಲೆ ಕೆಳಗಡೆ ಸೇತುವೆ ಆಯಿತು. ಟ್ರ್ಯಾಕ್ಟರ್ ಗದ್ದೆಗೇ ಹೋಗತೊಡಗಿತು. ಮಾವ ತೀರಿಕೊಂಡ ವರ್ಷ ನಮ್ಮನೆಯವರು ಹತ್ತಾರು ಜನ ಸೇರಿಸಿ ದೋಣಿ ಹೊರಿಸಿಕೊಂಡು ಬಂದು ಹೊಂಗೆ ಮರದ ಕೆಳಗೆ ಇಳಿಸಿದರು.

ನಮ್ಮನೆಯವರು ಬಸ್ಸಿನ ಡ್ರೈವರ್. ಮಳವಳ್ಳಿ, ಮದ್ದೂರು, ಮಂಡ್ಯ ಅಂತ ಅದೇ ರಸ್ತೆಯಲ್ಲಿ ಆಯಸ್ಸು ಸವೆಸಿದವರು. ಗಾಡಿ ಅಂದರೆ ದೇವರು ಅವರಿಗೆ. ಆಯುಧಪೂಜೆ ದಿನ ಬಸ್ಸಿಗೆ ಬಾಳೆಕಂದು ಕಟ್ಟಿ ಕುಂಬಳಕಾಯಿ ಒಡೆದು ಬಂದ ಮೇಲೆ ಮನೆಯ ಪೂಜೆ. ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದರು. ದೋಣಿಗೆ ಚಕ್ರ ಎಲ್ಲಿಂದ ಬರಬೇಕು? ಅದರ ಕಲ್ಲಿನ ಪಕ್ಕದಲ್ಲೂ ಒಂದು ನಿಂಬೆಹಣ್ಣು! ಅದಕ್ಕೆ ಮುಂಚೆ ಅಭ್ಯಂಜನ. ಬೆಳಗಿನ ಜಾವವೇ ಡ್ರಮ್ಮುಗಟ್ಟಲೆ ನೀರು ಸುರಿದು, ತೆಂಗಿನ ನಾರಿನಲ್ಲಿ ತಿಕ್ಕಿ, ಪೂಜೆ ಹೊತ್ತಿಗೆ ಮುಗಿಯಬೇಕು ಅಂತ ಅವಸರವಾಗಿ ಒಳಗೂ ಹೊರಗೂ ಹೊಸ ಬಣ್ಣ. ಬಣ್ಣ ಕೈಗಂಟುತ್ತಿರುವಾಗಲೇ ನಾನು ಬೊಟ್ಟಿಡಬೇಕು. ಒಂದು ವರ್ಷವೂ ತಪ್ಪಿಸಿದವರಲ್ಲ. ಮೈಗೆ ಹುಷಾರಿಲ್ಲದ ವರ್ಷ ಕೂಡ ಮಗಳನ್ನು ಕೂಗಿ ನೀರು ಹೊಯ್ಯಿಸಿಕೊಂಡು ಬಣ್ಣ ಬಳಿದರು.

ಬಾಗಿನ ಮಾತ್ರ ಸ್ಕೂಟರಿನಲ್ಲಿ ಹೋಗುತ್ತಿತ್ತು, ಸೇತುವೆ ಸುತ್ತಿಕೊಂಡು. ಅಕ್ಕ ಬಾಗಿನ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಆಮೇಲೆ ತಪ್ಪದೆ ತಮ್ಮನನ್ನು ಒಂದು ಸಲ ಚುಚ್ಚುತ್ತಿದ್ದರು: "ಅಪ್ಪ ದೋಣೀಲಿ ತತ್ತಿದ್ದ ಕಣ್ಲಾ." ಹೋದ ವರ್ಷ ಹಾಗನ್ನಲಿಲ್ಲ. ಮಂಡಿ ನೋವಿನಿಂದ ಹಾಸಿಗೆ ಬಿಟ್ಟೇಳುವುದೇ ಕಷ್ಟವಾಗಿತ್ತು ಅವರಿಗೆ. ತಮ್ಮನ ಕೈ ಹಿಡಿದುಕೊಂಡು, "ಮುಂದ್ಲ ಗೌರಿಗೆ ಒಂದ್ಸಲ ದೋಣೀಲಿ ಬಾರ್ಲಾ. ಆಮ್ಯಾಕೆ ನಾನು ಇರ್ತೀನೋ ಇಲ್ವೋ" ಅಂದರು.

"ಬತ್ತೀನಿ ಕಣಕ್ಕ. ದೋಣಿ ಏನಾಗೈತೆ? ಕಲ್ಲಿದ್ದಂಗೈತೆ" ಅಂದುಬಿಟ್ಟರು ನಮ್ಮನೆಯವರು.

ಆ ಆಯುಧಪೂಜೆಗೆ ನೀರಿಗಿಳಿಯುವ ದೋಣಿ ಅಂತ ಒಂದರ ಮೇಲೊಂದು ಎರಡು ಸಲ ಬಣ್ಣ ಬಿತ್ತು. ಸಂಕ್ರಾಂತಿ ಹೊತ್ತಿಗೆ ಅವರು ನಿವೃತ್ತರಾದರು. ಕೆಲಸ ಬಿಟ್ಟ ಗಂಡಸು ಮನೆಯಲ್ಲಿ ಕೂತರೆ ಏನೇನು ಮಾಡುತ್ತಾನೆ ಅಂತ ಹೆಂಗಸರಿಗೆ ಹೇಳಬೇಕಾಗಿಲ್ಲ. ನನ್ನ ಸಾಂಬಾರ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟಿದ್ದರು, ಖಾರದ ಪುಡಿ ಹುಡುಕಿ ನನಗೆ ಸಾಕಾಯಿತು. ದೋಣಿ ಕೆಲಸ ಬಂದದ್ದು ನನಗೂ ಒಳ್ಳೆಯದೇ ಆಯಿತು. ಆದರೆ ದೋಣಿ ನೋಡುವವರು ಯಾರು? ದೋಣಿ ಕಟ್ಟುವವರು ಈಗ ನಮ್ಮ ಕಡೆ ಯಾರೂ ಇಲ್ಲ. ಕೊನೆಗೆ ಮದ್ದೂರಿನಲ್ಲಿ ಲಾರಿಗೆ ಮರದ ಬಾಡಿ ಕಟ್ಟುವ ಒಬ್ಬ ವಯಸ್ಸಾದ ಸಾಬರನ್ನು ಕರೆತಂದರು. ಬಸ್ಸಿನ ಕಾಲದಿಂದ ಪರಿಚಯ, ಮಿಸ್ತ್ರಿ ಅಂತಲೇ ಕರೆಯುವುದು. ಅವರು ಬರುವ ದಿನ ಬೆಳಿಗ್ಗೆ ಮತ್ತೆ ದೋಣಿಗೆ ನೀರು, ಮತ್ತೆ ಉಜ್ಜಾಟ.

"ಎಣ್ಣು ನೋಡಕ್ಕೆ ಬತ್ತಾವ್ರಾ?" ಅಂದೆ.

"ಉಂ. ನಿನ್ನ ನೋಡಕ್ ಬಂದಾಗ್ಲೂ ನಿಮ್ಮಪ್ಪ ಇಂಗೇ ಉಜ್ಜಿ ನಿಲ್ಲಿಸಿದ್ರು" ಅಂದರು.

ಮಿಸ್ತ್ರಿ ಬಂದವರೇ, "ನಾನು ಲಾರಿ ಕಟ್ಟೋನು, ನೀರಿನ್ ಇಚಾರ ನಂಗೊತ್ತಿಲ್ಲ ಕಣಮ್ಮ" ಅಂತ ಮೊದಲೇ ಹೇಳಿದರು. ಆಮೇಲೆ ಒಂದು ಸಣ್ಣ ಸುತ್ತಿಗೆಯಲ್ಲಿ ದೋಣಿಯ ಸುತ್ತ ಬಡಿಯುತ್ತಾ ಬಂದರು. ಸದ್ದು ಟಕಟಕ ಅನ್ನಲಿಲ್ಲ. ಒದ್ದೆ ಗೋಣಿಯ ಮೇಲೆ ಬಡಿದಂತೆ ಬದ್ ಬದ್ ಅಂದಿತು. ಅವರು ನಿಂತರು.

"ಬಣ್ಣ ಒಡ್ದೋರು ಯಾರು ಸಾರ್?"

"ನಾನೇ ಮಿಸ್ತ್ರಿ!" ನಮ್ಮನೆಯವರ ಮುಖ ಅರಳಿತು. ನೀರು ಹುಯ್ಯುವುದರಿಂದ ಹಿಡಿದು ಪೂಜೆಯ ಹೊತ್ತಿಗೆ ಬಣ್ಣ ಮುಗಿಸುವ ತನಕ ಒಂದೂ ಬಿಡದೆ ಹೇಳಿದರು. ಮಿಸ್ತ್ರಿ ತಲೆ ಆಡಿಸುತ್ತಾ ಕೇಳಿ, "ಚೆನ್ನಾಗೈತೆ ಬಣ್ಣ" ಅಂದು, "ಸಾರ್, ಒಂದು ಎಳ್ನೀರು ಸಿಕ್ಕೀತಾ?" ಅಂದರು. ನಮ್ಮನೆಯವರು ಕುಡುಗೋಲು ಹಿಡಿದು ತೋಟದ ಕಡೆ ಹೋದರು.

ಅವರು ಮರೆಯಾದ ಮೇಲೆ ಮಿಸ್ತ್ರಿ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಹಸಿರು ಬಣ್ಣದ ಮೇಲೆ ಮೆಲ್ಲಗೆ ಒತ್ತಿದರು. ಅದು ಹಿಡಿಯ ತನಕ ಒಳಗೆ ಹೋಯಿತು. ಮುದ್ದೆಗೆ ಕೋಲು ಇಳಿದಷ್ಟು ಸಲೀಸಾಗಿ. ಎಳೆದುಕೊಂಡಾಗ ಜೊತೆಗೆ ಬಂದದ್ದು ಕರ್ರಗಿನ ಒದ್ದೆ ಪುಡಿ. ಅವರು ಆ ತೂತನ್ನು ಹಾಗೇ ಬಿಡಲಿಲ್ಲ, ಸುತ್ತಲಿನ ಬಣ್ಣವನ್ನು ಹೆಬ್ಬೆರಳಲ್ಲಿ ತೀಡಿ ಮುಚ್ಚಿದರು.

"ನೀರು ಕುಡ್ಸಿ ಬಾಯಿ ಕಟ್ಬುಟ್ಟವ್ರೆ ಕಣಮ್ಮ. ಒಳ್ಗಡೆ ನೀರು ಆಚೆ ಓಗಕ್ಕೆ ದಾರೀನೇ ಇಲ್ಲ. ಇದು ಈಗ ಬಣ್ಣದ ಮ್ಯಾಲೆ ನಿಂತೈತೆ."

"ಸರಿ ಮಾಡಕ್ಕೆ ಆಗಾಕಿಲ್ವ?"

"ಆಯ್ತದೆ. ಅಲಗೆ ಎಲ್ಲಾನೂ ಒಸಾದು ಆಕ್ಬೇಕು. ಆಗ ಅದು ನಿಮ್ಮ ಮಾವನ ದೋಣಿ ಆಗಕಿಲ್ಲ, ನಾನು ಮಾಡಿದ್ ದೋಣಿ ಆಯ್ತದೆ." ಆಮೇಲೆ ಅವರು ಬಗ್ಗಿ, ಕಲ್ಲುಗಳ ಸಂದಿಯಲ್ಲಿ ಕೈ ತೂರಿಸಿ, ಕೆಳಗಿನಿಂದ ಬಡಿದರು. ಅಲ್ಲಿ ಸದ್ದು ಠಣ್ ಅಂತ ಬಂತು. ಕಲ್ಲಿನ ಮೇಲೆ ಕೂತಿದ್ದ ತಳದ ಹಲಗೆ. ಅಲ್ಲಿ ಬ್ರಷ್ ಆಡಲು ಜಾಗವಿಲ್ಲದೆ ಬಣ್ಣ ಬಿದ್ದಿರಲಿಲ್ಲ, ಮಾವನ ಹೊಂಗೆ ಎಣ್ಣೆಯ ಕಪ್ಪು ಇನ್ನೂ ಹಾಗೇ ಇತ್ತು. "ಇದೊಂದು ಚೆನ್ನಾಗೈತೆ" ಅಂದರು. "ಸಾರ್‌ಗೆ ನಾನೇ ಏಳ್ಲಾ, ನೀವ್ ಏಳ್ತೀರಾ?"

"ನಾನೇ ಏಳ್ತೀನಿ" ಅಂದೆ.

ಮಿಸ್ತ್ರಿ ಎಳನೀರು ಕುಡಿದು, "ಅಮ್ಮಂಗೆ ಎಲ್ಲಾ ಏಳಿವ್ನಿ ಸಾರ್" ಅಂದು ಹೊರಟುಹೋದರು. ನಾನು ಅಂದದ್ದೇನೋ ಅಂದೆ. ನನ್ನ ನಾಲಿಗೆಯ ಬಗ್ಗೆ ಊರಿಗೆಲ್ಲ ಗೊತ್ತು. ಯಾರ ಮುಖ ನೋಡಿಯೂ ಮಾತು ನುಂಗಿದವಳಲ್ಲ ನಾನು. ಬೀಗರ ಮನೆಯ ಊಟದಲ್ಲೇ ಸಾರಿಗೆ ಉಪ್ಪಿಲ್ಲ ಅಂದವಳು. 'ಮೇಲೆ ಥಳಕು, ಒಳಗೆ ಹುಳುಕು' ಅನ್ನುವ ಗಾದೆ ಆವತ್ತು ನಾಲಿಗೆ ತುದಿಗೆ ಬಂದು ಕೂತಿತ್ತು, ಬೇರೆ ಯಾರ ದೋಣಿಯಾಗಿದ್ದರೂ ಹೇಳಿ ನಕ್ಕುಬಿಡುತ್ತಿದ್ದೆ. ಇವರ ಮುಂದೆ ಬಾಯೇ ಬರಲಿಲ್ಲ. ಅಕ್ಕನಿಗೆ ಕೊಟ್ಟ ಮಾತು ಒಂದು ಕಡೆ ಇರಲಿ. ಅಪ್ಪನ ದೋಣಿಯನ್ನು ಕಾಪಾಡಿಕೊಂಡು ಬಂದೆ ಅನ್ನುವ ಒಂದು ಹೆಮ್ಮೆ ಇವರಿಗೆ. ಬಸ್ಸು ಸರ್ಕಾರದ್ದು, ಮನೆ ಮಾವ ಕಟ್ಟಿಸಿದ್ದು, ಗದ್ದೆ ಗುತ್ತಿಗೆಗೆ ಹೋಗಿದೆ. ಇದು ನಾನು ಮಾಡಿದ್ದು ಅಂತ ತೋರಿಸಿಕೊಳ್ಳಲು ಇವರಿಗಿದ್ದದ್ದು ಆ ಹಸಿರು ದೋಣಿ. ಅದನ್ನು ನೀವೇ ಹಾಳು ಮಾಡಿದ್ದು ಅಂತ ಯಾವ ಬಾಯಲ್ಲಿ ಹೇಳಲಿ?

ಇವರು ಮಾತ್ರ ತಯಾರಿ ನಡೆಸಿದ್ದರು. ಗಾಣದಿಂದ ಹೊಂಗೆ ಎಣ್ಣೆ ತಂದರು. ಹುಟ್ಟಿಗೆ ಬಿದಿರು ಕಡಿದು ಒಣಗಲು ಹಾಕಿದರು. ಮಿಸ್ತ್ರಿ ಏನಂದರು ಅಂತ ದಿನಾ ಕೇಳುತ್ತಿದ್ದರು. ತಡೆಯಲಾರದೆ ಒಂದು ದಿನ "ಉಳ ಬಿದ್ದೈತಂತೆ" ಅಂದೆ. ಅರ್ಧ ಸುಳ್ಳು ಹೇಳಿದರೆ ಅರ್ಧ ಭಾರ ಇಳಿದೀತು ಅಂತ ನನ್ನ ಲೆಕ್ಕ.

"ಅಷ್ಟೇ ತಾನೆ? ಮೊದ್ಲೇ ಏಳ್ಬಾರ್ದಾ" ಅಂದವರೇ ಬೇವಿನ ಸೊಪ್ಪಿನ ಹೊಗೆ ಹಾಕಿದರು. ಇಡೀ ಬೀದಿ ಕೆಮ್ಮಿತು. ಮಾರನೆಯ ದಿನ ಹುಳ ಎಲ್ಲಿದೆ ನೋಡೋಣ ಅಂತ ಕಳೆ ಕೀಳುವ ಕುರ್ಚಿಗೆ ತಗೊಂಡು ಬಣ್ಣ ಹೆರೆಯಲು ಕೂತರು. ನಾನು ಹಿತ್ತಲ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ.

ಹಸಿರಿನ ಕೆಳಗೆ ನೀಲಿ ಬಂತು. "ಮಗಳ ಮದ್ವೇಲಿ ಕಿಟಕಿಗೆ ಒಡ್ದು ಮಿಕ್ಕಿದ್ದು" ಅಂದರು. ನೀಲಿಯ ಕೆಳಗೆ ಕೆಂಪು. "ಇದು ನಾನು ಒಸಾ ಗಾಡಿಗೆ ಓದ ವರ್ಸದ್ದು." ಹೀಗೆ ಒಂದೊಂದು ಪದರಕ್ಕೂ ಒಂದೊಂದು ಕತೆ ಹೇಳುತ್ತಾ ಹೋದರು, ನಾನೂ ಹೂಂಗುಟ್ಟುತ್ತಿದ್ದೆ. ಕೊನೆಗೆ ಬೂದು ಬಣ್ಣ ಬಂತು, ಮಾವ ಸತ್ತ ವರ್ಷದ್ದು. ಅಲ್ಲಿಂದಾಚೆಗೆ ಅವರ ದನಿ ಕೇಳಲಿಲ್ಲ. ಹೆರೆಯುತ್ತಿದ್ದ ಸದ್ದೂ ನಿಂತಿತು. ತಲೆ ಎತ್ತಿ ನೋಡಿದರೆ ಅಂಗೈ ತುಂಬ ಕರಿ ಪುಡಿ ಹಿಡಿದುಕೊಂಡು ಕೂತಿದ್ದಾರೆ.

"ಉಳ ಎಲ್ಲೈತೆ?" ಅಂದರು, ನನ್ನ ಕಡೆ ತಿರುಗದೆ.

ಮೊರ ಅಲ್ಲೇ ಇಟ್ಟು ಹೋಗಿ ಪಕ್ಕದಲ್ಲಿ ಕೂತೆ. "ಉಳ ಇಲ್ಲ" ಅಂದೆ. ಮಿಸ್ತ್ರಿ ಹೇಳಿದ್ದನ್ನೆಲ್ಲ ಹೇಳಿದೆ. ತೊಳೆದದ್ದು, ಆರಲು ಬಿಡದೆ ಬಣ್ಣ ಬಳಿದದ್ದು, ನೀರು ಒಳಗೇ ಉಳಿದದ್ದು. ತಳದ ಹಲಗೆ ಗಟ್ಟಿ ಇದೆ ಅನ್ನುವುದನ್ನೂ ಹೇಳಿದೆ, ಸಮಾಧಾನ ಆಗಲಿ ಅಂತ.

ಅವರು ಅಂಗೈ ಪುಡಿಯನ್ನೇ ನೋಡುತ್ತಾ ಅಂದರು, "ಅಪ್ಪ ಒಂದ್ಸಲಾನೂ ಬಣ್ಣ ಒಡೀಲಿಲ್ಲ ಕಣೆ. ಪಾಪ, ಕೈಲಿ ಕಾಸಿಲ್ಲ, ಅದ್ಕೇ ಒಡೀನಿಲ್ಲ ಅಂದ್ಕೊಂಡಿದ್ದೆ ನಾನು. ನಂಗೆ ಸಂಬ್ಳ ಬತ್ತದಲ್ಲ, ಅವ್ನ ಬದ್ಲು ನಾನಾದ್ರೂ ಒಡೀಮ ಅಂತ..."

ನನಗೆ ಅಳು ಬಂದುಬಿಟ್ಟಿತು. ಇಷ್ಟು ವರ್ಷ ಅದನ್ನು ಇವರ ಹುಚ್ಚು ಅಂತಲೇ ಆಡಿಕೊಂಡಿದ್ದೆ, ಅದರೊಳಗೆ ಇಂಥದ್ದೊಂದು ಇತ್ತು ಅಂತ ಎಣಿಸಿರಲಿಲ್ಲ. "ಬಸ್ಸಿಗೆ ಮಾಡ್ದಂಗೇ ಮಾಡುದ್ರಿ. ಕಬ್ಣ ಆಗಿದ್ರೆ ಇನ್ನೂ ನೂರು ವರ್ಸ ಇರೋದು. ಮರ ಅಂತ ಮರ್ತ್ರಿ, ಅಷ್ಟೇಯ" ಅಂದೆ. ಅವರು ಅಂಗೈ ಪುಡಿಯನ್ನು ಕೊಡವಲಿಲ್ಲ, ಹೊಂಗೆ ಮರದ ಬುಡಕ್ಕೆ ಹಾಕಿ ಎದ್ದರು.

ಅಕ್ಕನಿಗೆ ಫೋನಿನಲ್ಲಿ ಹೇಳುವ ಮಾತಲ್ಲ ಅಂತ ಇಬ್ಬರೂ ಸ್ಕೂಟರಿನಲ್ಲಿ ಹೋದೆವು. ದಾರಿಯುದ್ದಕ್ಕೂ ಇವರು ಹಾರನ್ ಒತ್ತಲಿಲ್ಲ, ಯಾರನ್ನೂ ಬೈಯಲಿಲ್ಲ, ಅದೇ ನನಗೆ ದಿಗಿಲು. ಅಕ್ಕ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದರು. ಇವರು ಎದುರಿಗೆ ಕೂತು, ತಲೆ ತಗ್ಗಿಸಿಕೊಂಡು, "ದೋಣಿ ಓಯ್ತು ಕಣಕ್ಕ. ನಾನೇ ಕೆಡಿಸ್ದೆ" ಅಂತ ಎಲ್ಲವನ್ನೂ ಹೇಳಿದರು.

ಅಕ್ಕ ಕೇಳಿಸಿಕೊಂಡು, "ದೋಣಿಗೆ ಬಣ್ಣ ಒಡ್ಯೋ ಗಂಡ್ಸ್ನ ನಿನ್ನೊಬ್ನೇ ಕಂಡಿದ್ದು ನಾನು. ಲಿಪ್‌ಸ್ಟಿಕ್ಕೂ ಆಕ್ಬೇಕಾಗಿತ್ತು" ಅಂದರು. ಆಮೇಲೆ ತಮ್ಮನ ಮುಖ ನೋಡಿ ದನಿ ಇಳಿಸಿದರು. "ಓಗ್ಲಿ ಬುಡ್ಲಾ. ನಂಗೆ ಆ ದೋಣಿನೇ ಆಗ್ಬೇಕು ಅಂತ ಏನಿಲ್ಲ."

"ಮತ್ತೆ ದೋಣೀಲೇ ಬಾ ಅಂದ್ಯಲ್ಲಕ್ಕ?"

"ನೀನು ಸ್ಕೂಟ್ರಲ್ಲಿ ಬತ್ತೀಯ. ಬಾಗ್ಲಿಗೆ ಬಂದು ಆರನ್ ಒಡ್ದಾಗ್ಲೇ ನಂಗೊತ್ತಾಗೋದು. ಬಂದೆ, ಕೊಟ್ಟೆ, ಓದೆ. ಅಪ್ಪ ಬರೋದು ಆ ದಡ ಬುಟ್ಟಾಗ್ಲೇ ಕಾಣೋದು ಕಣ್ಲಾ. ಮೆಟ್ಲ ಮ್ಯಾಲೆ ನಿಂತ್ಕೊಂಡು ನೋಡ್ತಿದ್ದೆ. ಮೊದ್ಲು ಟವಲ್ಲು, ಆಮ್ಯಾಕೆ ತಲೆ, ಆಮ್ಯಾಕೆ ಮಕ. ಅಲ್ಲೀಗಂಟ ಬತ್ತಾ ಇರ್ತಾನಲ್ಲ, ನಮ್ಮೋರು ಬತ್ತಾವ್ರೆ ಅಂತ... ಗೌರಿ ಅಬ್ಬ ಅಂದ್ರೆ ಅದೇಯ ನಂಗೆ. ಬಾಗಿನ ಏನು, ಮೊರ, ಬಳೆ, ಎಲ್ಲಾರ್ಗೂ ಬತ್ತದೆ."

ಇವರು ಹೆಗಲ ಟವೆಲ್ ಸರಿಮಾಡಿಕೊಂಡು ಎದ್ದರು. ವಾಪಸು ಬರುವಾಗ ಸೇತುವೆ ಮೇಲೆ ಒಂದು ಲಾರಿಯವನನ್ನು ಚೆನ್ನಾಗಿ ಬೈದರು. ನನ್ನ ಜೀವ ಸಮಾಧಾನಕ್ಕೆ ಬಂತು.

ಮಿಸ್ತ್ರಿಗೆ ಹೇಳಿ ದೋಣಿ ರಿಪೇರಿ ಬೇಡ ಅಂದೆವು. ತಳದ ಹಲಗೆಯೊಂದನ್ನು ಮಾತ್ರ ಅವರು ಒಂದಾಳು ಕೂರುವಷ್ಟು ಕೊಯ್ದು ಕೊಟ್ಟರು. ಇವರು ಅದನ್ನು ತೊಳೆಯಲಿಲ್ಲ, ಬಣ್ಣದ ಡಬ್ಬಿಯ ಕಡೆ ನೋಡಲಿಲ್ಲ. ಗಾಣದ ಹೊಂಗೆ ಎಣ್ಣೆಯನ್ನು ಅದಕ್ಕೆ ದಿನಾ ತಿಕ್ಕಿದರು, ಮಗುವಿಗೆ ತಿಕ್ಕುವಂತೆ.

ಗೌರಿ ಹಬ್ಬದ ಹೊತ್ತಿಗೆ ಹೊಳೆಯ ರಭಸ ಇಳಿದಿತ್ತು. ನಮ್ಮೂರಲ್ಲಿ ಮೀನು ಹಿಡಿಯುವವನೊಬ್ಬನ ತೆಪ್ಪ ಗೊತ್ತುಮಾಡಿದೆವು. ಬಿದಿರಿನ ದುಂಡನೆಯ ತೆಪ್ಪ, ದೊಡ್ಡ ಬುಟ್ಟಿಯೇ ಸೈ. ಒಳಗೆ ಮಾವನ ಹಲಗೆ ಹಾಕಿ ಅದರ ಮೇಲೆ ನನ್ನನ್ನು ಕೂರಿಸಿದರು. ಕೂತ ಮೇಲೆ ಗೊತ್ತಾಯಿತು, ಎಣ್ಣೆ ಇನ್ನೂ ಪೂರ್ತಿ ಹೀರಿರಲಿಲ್ಲ, ಹಬ್ಬದ ಹೊಸ ಸೀರೆಗೆಲ್ಲ ಮೆತ್ತಿತು. "ಇದ್ಕೂ ಆರಕ್ಕೆ ಬುಡಾಕಿಲ್ವ ನೀವು?" ಅಂತ ಕೂಗಿದೆ. ಇವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದ ಹಾಗೆ ಇದ್ದರು. ಆಗಲೇ ಹೆಗಲ ಟವೆಲ್ ಎತ್ತಿ ಬೀಸುತ್ತಿದ್ದರು.

"ಇನ್ನೂ ದಡ ಬುಟ್ಟಿಲ್ಲ, ಕುಂತ್ಕೊಳ್ಳಿ" ಅಂದೆ. ಕೂರಲಿಲ್ಲ.

ಆ ದಡದ ಮೆಟ್ಟಿಲ ಮೇಲೆ ಒಂದು ಕುರ್ಚಿ ಹಾಕಿದ್ದು ಕಾಣಿಸಿತು, ಅದರಲ್ಲಿ ಕೂತವರ ಸೀರೆ ಕೆಂಪಗಿತ್ತು. ಟವೆಲ್ ಕಂಡಿತೇನೋ. ಹಾಸಿಗೆಯಿಂದ ಏಳಲಾರದ ಅಕ್ಕ ಕುರ್ಚಿ ಹಿಡಿದುಕೊಂಡು ಎದ್ದು ನಿಂತರು.

ತೆಪ್ಪ ದಡ ಬಿಟ್ಟು ಒಂದು ಸುತ್ತು ತಿರುಗಿತು. ನಾನು ಮೊರ ಬಿಗಿಯಾಗಿ ಅವುಚಿಕೊಂಡೆ. ಹುಟ್ಟು ಹಾಕುವವನು ನನ್ನ ಹೆದರಿಕೆ ನೋಡಿ, "ಬ್ಯಾಗ ದಾಟಿಸ್ಲಾ ಅಕ್ಕ?" ಅಂತ ಕೇಳಿದ.

"ಬ್ಯಾಡ ಕಣಪ್ಪ" ಅಂದೆ. "ನಿಧಾನಕ್ಕೇ ಓಗು."